ಕಾಲ್ಬೆರಳು ಮುರಿದರೂ ಪಾತ್ರ ಬಿಡಲಿಲ್ಲ: ರಂಗನಟಿ ಎಲೆನ್ ಟೆರಿ ಬದುಕಿನ ಕಥೆ

ಲಂಡನ್‌ನ ಪ್ರಿನ್ಸೆಸ್ ಥಿಯೇಟರ್‌ನಲ್ಲಿ ಶೇಕ್ಸ್‌ಪಿಯರ್ ನಾಟಕ ಇನ್ನೇನು ಮುಗಿಯಬೇಕು. ಪಕ್ ಎಂಬ ತುಂಟ ಕಿನ್ನರನ ಪಾತ್ರ ಮಾಡಿದ್ದ ಪುಟ್ಟ ಹುಡುಗಿ ರಂಗದ ನೆಲದ ಕಿಂಡಿಯಿಂದ ಮೇಲೆ ಬರುವಾಗ ಬಾಗಿಲು ಮುಚ್ಚಿಕೊಂಡು ಕಾಲ್ಬೆರಳು ಮುರಿದೇ ಹೋಯ್ತು. ನಾಟಕ ಮುಗಿಸಿಕೊಟ್ಟರೆ ಸಂಬಳ ಡಬಲ್ ಮಾಡ್ತೀನಿ ಅಂತ ಮಾಲೀಕರ ಹೆಂಡತಿ ಆಸೆ ತೋರಿಸಿದರು. ಹುಡುಗಿ ನೋವು ನುಂಗಿಕೊಂಡು ಕೊನೆಯ ಮಾತು ಒಪ್ಪಿಸಿದಳು.

ಆ ಹುಡುಗಿಯೇ ಮುಂದೆ ವಿಕ್ಟೋರಿಯಾ ಕಾಲದ ಇಂಗ್ಲೆಂಡ್ ಮೆಚ್ಚಿದ ನಟಿ ಎಲೆನ್ ಟೆರಿ. ಹುಟ್ಟಿದ್ದು 1847ರ ಫೆಬ್ರವರಿ 27ರಂದು, ಕವೆಂಟ್ರಿಯಲ್ಲಿ. ಅಪ್ಪ-ಅಮ್ಮ ಊರೂರು ಸುತ್ತಿ ನಾಟಕ ಆಡ್ತಿದ್ದವರು. 1856ರಲ್ಲಿ, 9ನೇ ವಯಸ್ಸಿಗೇ, ವಿಕ್ಟೋರಿಯಾ ರಾಣಿ ಎದುರು ಬಣ್ಣ ಹಚ್ಚಿದ್ದಾಯ್ತು.

ರಂಗದ ಮೇಲೆ ಸಿಕ್ಕ ಪ್ರೀತಿ ಮನೆಯಲ್ಲಿ ಸಿಗಲಿಲ್ಲ. 17 ತುಂಬಲು ಒಂದು ವಾರ ಬಾಕಿ ಇರುವಾಗ 46 ವರ್ಷದ ಚಿತ್ರಕಾರ ಜಿ.ಎಫ್. ವಾಟ್ಸ್ ಜೊತೆ ಮದುವೆ. ವರ್ಷ ತುಂಬುವುದರೊಳಗೆ ಇಬ್ಬರೂ ದೂರವಾದರು. 1868ರಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ಗಾಡ್ವಿನ್ ಜೊತೆ ಹಳ್ಳಿ ಸೇರಿದರು. ವಿಚ್ಛೇದನ ಸಿಕ್ಕಿರಲಿಲ್ಲ, ಹಾಗಾಗಿ ಮದುವೆ ಇಲ್ಲದ ಸಂಸಾರ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಬ್ಬರು ಮಕ್ಕಳಾದವು. 6 ವರ್ಷ ಎಲೆನ್ ರಂಗದ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಸಾಲ ಏರಿ ಮನೆಗೆ ಜಪ್ತಿಯವರು ಬಂದರು. ಅದೇ ಸಮಯಕ್ಕೆ ಹಳ್ಳಿ ದಾರಿಯಲ್ಲಿ ಅವರ ಗಾಡಿಯ ಚಕ್ರ ಕಳಚಿತು. ಬೇಟೆಗೆ ಬಂದಿದ್ದ ನಾಟಕಕಾರ ಚಾರ್ಲ್ಸ್ ರೀಡ್ ಎದುರಾಗಿ, ಮತ್ತೆ ನಟಿಸು ಅಂದರು. ವಾರಕ್ಕೆ 40 ಪೌಂಡ್ ಕೊಟ್ಟರೆ ನೋಡೋಣ ಅಂದರು ಎಲೆನ್. ರೀಡ್ ಅಲ್ಲೇ ಒಪ್ಪಿದರು. 1874ರಲ್ಲಿ ಹೀಗೆ ಹೊಟ್ಟೆಪಾಡಿಗಾಗಿ ರಂಗಕ್ಕೆ ಮರಳಿದವರು ಮರುವರ್ಷವೇ ಪೋರ್ಷಿಯಾ ಪಾತ್ರದಲ್ಲಿ ಲಂಡನ್ ಗೆದ್ದರು.

1878ರಲ್ಲಿ ಹೆನ್ರಿ ಇರ್ವಿಂಗ್ ಅವರ ಲೈಸಿಯಂ ಥಿಯೇಟರ್ ಸೇರಿದ ಮೇಲೆ ಎರಡು ದಶಕ ಈ ಜೋಡಿಯದ್ದೇ ಹವಾ. ಒಫೀಲಿಯಾ, ಬಿಯಾಟ್ರಿಸ್, ಅಮೆರಿಕ ಪ್ರವಾಸ... 1888ರ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕಂತೂ ಹಸಿರಾಗಿ ಮಿನುಗುವ ಜೀರುಂಡೆ ರೆಕ್ಕೆಗಳನ್ನೇ ಹೊಲಿದ ಉಡುಪು! ಅದನ್ನುಟ್ಟ ಎಲೆನ್ ಅವರನ್ನು ಚಿತ್ರಕಾರ ಸಾರ್ಜೆಂಟ್ ಬಣ್ಣದಲ್ಲಿ ಹಿಡಿದಿಟ್ಟರು.

1895ರಲ್ಲಿ ಇರ್ವಿಂಗ್ ಅವರಿಗೆ 'ಸರ್' ಪದವಿ ಬಂತು. ಜೊತೆಗೆ ನಿಂತು ದುಡಿದ ಎಲೆನ್ ಮಾತ್ರ 'ಡೇಮ್' ಪದವಿಗೆ ಇನ್ನೂ 30 ವರ್ಷ ಕಾಯಬೇಕಾಯ್ತು. 1925ರಲ್ಲಿ ಅದು ಸಿಕ್ಕಾಗ ಕಣ್ಣು ಮಂಜಾಗಿತ್ತು. ಆದರೆ ಜನ ಅಷ್ಟು ಕಾಯಲಿಲ್ಲ. 1906ರಲ್ಲೇ ಅವರ ರಂಗಜೀವನದ 50ನೇ ವರ್ಷವನ್ನು ಡ್ರೂರಿ ಲೇನ್ ಥಿಯೇಟರ್‌ನಲ್ಲಿ ಹಬ್ಬದಂತೆ ಆಚರಿಸಿದ್ದರು.

1928ರ ಜುಲೈ 21ರಂದು ಕೆಂಟ್ ಪ್ರಾಂತ್ಯದ ಸ್ಮಾಲ್‌ಹೈತ್‌ನ ತಮ್ಮ ಮನೆಯಲ್ಲಿ ಎಲೆನ್ ಕಣ್ಮುಚ್ಚಿದರು. ಸಮಾಜ ಮೂಗು ಮುರಿದ ಆ ಸಂಸಾರದಲ್ಲಿ ಹುಟ್ಟಿದ ಮಗ ಗಾರ್ಡನ್ ಕ್ರೇಗ್ ರಂಗವಿನ್ಯಾಸದಲ್ಲಿ ದೊಡ್ಡ ಹೆಸರಾದರು. ಮಗಳು ಎಡಿತ್ ಅಮ್ಮನ ಮನೆಯನ್ನೇ ಮ್ಯೂಸಿಯಂ ಮಾಡಿದರು. ಆ ಜೀರುಂಡೆ ರೆಕ್ಕೆಯ ಉಡುಪು ಇವತ್ತಿಗೂ ಅಲ್ಲಿದೆ.