ಕಲೆಯನ್ನು ಕಾಯಕವಾಗಿಸಿದ ಗುಬ್ಬಿ ವೀರಣ್ಣನವರು

ತುಮಕೂರು ಜಿಲ್ಲೆಯ ಗುಬ್ಬಿ ಪಟ್ಟಣವು ಕನ್ನಡ ನಾಡಿನಲ್ಲಿ ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ಅದು ಶ್ರೀ ಗೋಸಲ ಚನ್ನಬಸವೇಶ್ವರರ ಪುಣ್ಯಕ್ಷೇತ್ರವೆಂಬುದು ಮೊದಲನೆಯದು. ಆ ಮಹಿಮರ ನಾಮವನ್ನೇ ಶಿರಸಾ ಧರಿಸಿ ನಾಡೆಲ್ಲ ಸಂಚರಿಸಿದ ನಾಟಕ ಸಂಘದ ತವರೆಂಬುದು ಎರಡನೆಯದು. ೧೮೮೪ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಊರಿನ ಕಲಾಭಿಮಾನಿಗಳು ಕೂಡಿ ಈ ಸಂಘಕ್ಕೆ ಅಡಿಗಲ್ಲನ್ನಿಟ್ಟರು. ಶರಣರ ಕೃಪಾಪೋಷಿತವೆಂದು ಕರೆಸಿಕೊಂಡ ಸಂಸ್ಥೆಯ ಸ್ಥಾಪಕರಲ್ಲಿ ಮುಸಲ್ಮಾನ ಮಹನೀಯರೊಬ್ಬರೂ ಇದ್ದರೆಂಬುದು ಸ್ಮರಣೀಯವಾದ ಸಂಗತಿ. ಕಲೆಯ ಪಂಕ್ತಿಯಲ್ಲಿ ಭೇದವಿಲ್ಲವೆಂಬ ತತ್ತ್ವವು ಆ ಸಂಘಕ್ಕೆ ಹುಟ್ಟಿನಿಂದಲೇ ಬಂದದ್ದು. ಆ ತತ್ತ್ವವನ್ನು ಬೆಳೆಸಿ, ಸಣ್ಣ ಊರಿನ ಸಣ್ಣ ತಂಡವನ್ನು ದಕ್ಷಿಣ ಭಾರತವೇ ಅರಿಯುವಂತೆ ಮಾಡಿದವರು ನಾಟಕರತ್ನ ಗುಬ್ಬಿ ವೀರಣ್ಣನವರು.

ವೀರಣ್ಣನವರು ಜನಿಸಿದ್ದು ೧೮೯೧ನೆಯ ಇಸವಿ ಜನವರಿ ೨೪ರಂದು. ಅಕ್ಷರಾಭ್ಯಾಸವು ಬಲಿಯುವ ಮುನ್ನವೇ ಬಾಲಪಾತ್ರಗಳ ಮೂಲಕ ಅವರು ಸಂಘವನ್ನು ಸೇರಿದರು. ಅಲ್ಲಿಂದ ಮುಂದೆ ನಾಟಕಶಾಲೆಯೇ ಅವರ ಪಾಠಶಾಲೆಯಾಯಿತು. ಹಿರಿಯ ನಟರ ನಡೆನುಡಿಗಳನ್ನು ಕಂಡು, ಕೇಳಿ, ಅನುಕರಿಸಿ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಪ್ರಾಯಕ್ಕೆ ಬಂದಾಗ ಹಾಸ್ಯಪಾತ್ರಗಳಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ. ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ ಅವರನ್ನು ಕಂಡವರು ಆ ನಗೆಯನ್ನು ಬಾಳಿನುದ್ದಕ್ಕೂ ಮೆಲುಕು ಹಾಕುತ್ತಿದ್ದರು. ೧೯೧೭ರಲ್ಲಿ ಸಂಘದ ಯಜಮಾನಿಕೆಯು ಅವರ ಹೆಗಲಿಗೆ ಬಂದಿತು. ಆಗ ಅವರ ವಯಸ್ಸು ಇಪ್ಪತ್ತಾರು.

ಯಜಮಾನಿಕೆಯೆಂಬ ಮಾತಿನ ಭಾರವನ್ನು ಇಂದಿನವರು ಊಹಿಸುವುದು ಕಷ್ಟ. ಅಂದಿನ ಕಂಪೆನಿ ನಾಟಕವು ಗದ್ಯ, ಪದ್ಯ, ಸಂಗೀತ, ಚಿತ್ರ, ಶಿಲ್ಪಗಳೆಲ್ಲವೂ ಸಂಗಮಿಸಿದ ಸಂಗೀತ ನಾಟಕ. ಪ್ರೇಕ್ಷಕನು ಕಾಣುವುದು ಬಣ್ಣ ಹಚ್ಚಿ ನಿಂತ ನಟನನ್ನು ಮಾತ್ರ. ಆ ನಟನ ಹಿಂದೆ ಮಾತು ಬರೆದ ಕವಿ, ಮಟ್ಟು ಕೂಡಿಸಿದ ಸಂಗೀತದ ಮೇಷ್ಟರು, ತಬಲದವರು, ಅರಮನೆ ಅರಣ್ಯಗಳನ್ನು ಬಟ್ಟೆಯ ಮೇಲೆ ಮೂಡಿಸುವ ಪರದೆಯ ಚಿತ್ರಕಾರರು, ರಥ ಸಿಂಹಾಸನಗಳನ್ನು ಕಡೆಯುವ ಬಡಗಿಗಳು, ಉಡುಪು ಹೊಲಿಯುವ ದರ್ಜಿಗಳು, ದೀಪದವರು, ಮರೆಯಲ್ಲಿ ನಿಂತು ಮಾತು ಹೇಳಿಕೊಡುವವರು, ಇವರೆಲ್ಲರಿಗೂ ಅನ್ನ ಬೇಯಿಸುವ ಅಡಿಗೆಯವರು ಇರುತ್ತಿದ್ದರು. ಪರದೆಯ ಹಗ್ಗವನ್ನು ಅರೆಕ್ಷಣ ತಡವಾಗಿ ಎಳೆದರೆ ಕರುಣರಸವು ಹಾಸ್ಯಾಸ್ಪದವಾಗುತ್ತದೆ. ಹಾರ್ಮೋನಿಯಂ ಶ್ರುತಿ ತಪ್ಪಿದರೆ ಮಹಾನಟನೂ ತಲೆತಗ್ಗಿಸಬೇಕಾಗುತ್ತದೆ. ವೀರಣ್ಣನವರು ಈ ಸತ್ಯವನ್ನು ಬಾಲ್ಯದಿಂದಲೇ ಬಲ್ಲವರು. ಆದುದರಿಂದ ತಾವೇ ಜನಪ್ರಿಯ ನಟರಾಗಿದ್ದರೂ ಸಂಘವನ್ನು ತಮ್ಮೊಬ್ಬರ ಪಾತ್ರದ ಸುತ್ತ ಕಟ್ಟದೆ, ಬಲ್ಲವರ ಬಳಗದ ಮೇಲೆ ಕಟ್ಟಿದರು. ಅವರ ಹಿರಿಮೆಯ ಮೂಲವಿರುವುದು ಇಲ್ಲಿ.

ಕವಿಗಳ ವಿಷಯದಲ್ಲಿ ಅವರು ತೋರಿದ ಆದರವು ಗಮನಾರ್ಹ. ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಘಕ್ಕಾಗಿ ಸದಾರಮೆ, ಕೃಷ್ಣಲೀಲೆ ಮೊದಲಾದ ನಾಟಕಗಳನ್ನು ರಚಿಸಿಕೊಟ್ಟರು. ಹಳ್ಳಿಯ ರೈತನಿಗೂ ತಿಳಿಯುವ ಮಾತು, ಕೇಳಿದೊಡನೆ ನಾಲಗೆಯ ಮೇಲೆ ನಿಲ್ಲುವ ಹಾಡು ಶಾಸ್ತ್ರಿಗಳ ಲೇಖನಿಯ ವಿಶೇಷ. ೧೯೩೪ರಲ್ಲಿ ತೆರೆಕಂಡ ಸತಿ ಸುಲೋಚನ ಎಂಬ ಕನ್ನಡದ ಮೊದಲ ವಾಕ್‌ಚಿತ್ರಕ್ಕೆ ಸಾಹಿತ್ಯ ಒದಗಿಸಿದವರೂ ಅವರೇ. ತರುವಾಯ ಬಂದವರು ಪತ್ರಕರ್ತರಾಗಿದ್ದ ಬಿ. ಪುಟ್ಟಸ್ವಾಮಯ್ಯನವರು. ಕುರುಕ್ಷೇತ್ರ, ದಶಾವತಾರಗಳು ಅವರ ಕೃತಿಗಳು. ಮುಂದೆ ಕಲ್ಯಾಣದ ಶರಣರ ಕ್ರಾಂತಿಯನ್ನು ಕಾದಂಬರಿಗಳ ಮಾಲೆಯಾಗಿ ಬರೆದು, ಕ್ರಾಂತಿ ಕಲ್ಯಾಣಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರು ಇವರೇ ಎಂಬುದನ್ನು ವಾಚಕರು ಬಲ್ಲರು. ಆ ಕಾದಂಬರಿಗಳಲ್ಲಿ ಸಂಭಾಷಣೆಗೆ ಇರುವ ಬಿಗಿಯು ರಂಗಭೂಮಿಯ ಪಳಗಿಕೆಯಿಂದ ಬಂದದ್ದೆನ್ನಲು ಅಡ್ಡಿಯಿಲ್ಲ.

೧೯೩೪ರಲ್ಲಿ ಪ್ರಯೋಗಗೊಂಡ ಕುರುಕ್ಷೇತ್ರವು ಈ ಬಳಗದ ಸಾಮರ್ಥ್ಯಕ್ಕೆ ಹಿಡಿದ ಕನ್ನಡಿ. ಯುದ್ಧದ ದೃಶ್ಯಗಳಿಗಾಗಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಜನರನ್ನು ಬೆರಗುಗೊಳಿಸಿತು. ಈ ವೈಭವವನ್ನು ಬರಿಯ ಆಡಂಬರವೆಂದು ಹಳಿದವರೂ ಉಂಟು. ಅಂಥವರು ಒಂದು ಅಂಶವನ್ನು ನೆನೆಯಬೇಕು. ಆನೆಯನ್ನು ರಂಗದ ಮೇಲೆ ನಡೆಸಬೇಕಾದರೆ ಅದರ ತೂಕವನ್ನು ತಾಳುವ ಅಟ್ಟಣಿಗೆ ಬೇಕು. ದೀಪಕ್ಕೂ ವಾದ್ಯಘೋಷಕ್ಕೂ ಅದು ಬೆದರದಂತೆ ನೋಡಿಕೊಳ್ಳುವ ಮಾವುತ ಬೇಕು. ಅದು ಬರುವ ಹೊತ್ತಿಗೆ ಪರದೆ ಸರಿಯಬೇಕು, ಹಾಡು ಮುಗಿದಿರಬೇಕು, ನಟರು ತಮ್ಮ ತಮ್ಮ ನೆಲೆಗಳಲ್ಲಿ ನಿಂತಿರಬೇಕು. ಇಷ್ಟು ಜನರ ಕೈಗಳು ಒಂದೇ ಮನಸ್ಸಿನಿಂದ ದುಡಿಯದಿದ್ದರೆ ಕುರುಕ್ಷೇತ್ರವು ಒಂದು ರಾತ್ರಿಯೂ ನಡೆಯುತ್ತಿರಲಿಲ್ಲ.

ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದ ಕಾಲವದು. ನಾಟಕದ ಹೆಣ್ಣೆಂದರೆ ಸಮಾಜವು ಮೂಗುಮುರಿಯುತ್ತಿತ್ತು. ವೀರಣ್ಣನವರು ಸ್ತ್ರೀಯರನ್ನೇ ರಂಗಕ್ಕೆ ಕರೆತಂದು, ಅವರಿಗೆ ತರಬೇತನ್ನೂ ಗೌರವದ ಸ್ಥಾನವನ್ನೂ ಕಲ್ಪಿಸಿದರು. ಅವರ ಪತ್ನಿಯರಲ್ಲಿ ಒಬ್ಬರಾದ ಬಿ. ಜಯಮ್ಮನವರು ಅಭಿನಯ ಗಾಯನಗಳೆರಡರಲ್ಲಿಯೂ ಹೆಸರಾಗಿ, ಕನ್ನಡವಲ್ಲದೆ ನೆರೆಯ ಭಾಷೆಗಳ ಚಿತ್ರಗಳಲ್ಲಿಯೂ ಕೀರ್ತಿ ಗಳಿಸಿದರು.

ಬಳಗವೆಂದರೆ ಇಂದು ದುಡಿಯುವವರಷ್ಟೇ ಅಲ್ಲ, ನಾಳೆ ದುಡಿಯಬೇಕಾದವರೂ ಹೌದು ಎಂಬ ದೂರದೃಷ್ಟಿಯು ಅವರಿಗಿತ್ತು. ಬಾಲನಟರಿಗಾಗಿಯೇ ಪ್ರತ್ಯೇಕ ತಂಡವನ್ನು ಕಟ್ಟಿದರು. ಮನೆ ಬಿಟ್ಟು ಓಡಿಬಂದ ಹುಡುಗರಿಗೂ ಅವರ ಸಂಘದಲ್ಲಿ ಊಟ, ವಸತಿ, ವಿದ್ಯೆಗಳು ದೊರೆಯುತ್ತಿದ್ದವು. ಎಂಟು ವರ್ಷದ ಪ್ರಾಯದಲ್ಲಿ ಬಂದು ಸೇರಿದ ಜಿ. ವಿ. ಅಯ್ಯರ್ ಅವರು ಮುಂದೆ ಸಂಸ್ಕೃತದಲ್ಲಿ ಆದಿ ಶಂಕರಾಚಾರ್ಯ ಚಿತ್ರವನ್ನು ನಿರ್ದೇಶಿಸಿ ರಾಷ್ಟ್ರಖ್ಯಾತರಾದರು. ದಕ್ಷಿಣ ಕನ್ನಡದಿಂದ ಬಂದ ಬಿ. ವಿ. ಕಾರಂತರಲ್ಲಿ ಓದಿನ ಹಂಬಲವನ್ನು ಕಂಡು, ಅವರನ್ನು ಎಂ. ಎ. ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರು. ಕಾರಂತರು ಅಲ್ಲಿ ಪಂಡಿತ ಓಂಕಾರನಾಥ ಠಾಕೂರರ ಬಳಿ ಸಂಗೀತವನ್ನೂ ಅಭ್ಯಸಿಸಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ರೂಪಿಸಿದರು. ರಂಗದ ಮೇಲೆ ಪ್ರಯೋಜನಕ್ಕೆ ಬರುವ ಹುಡುಗನನ್ನು ತನ್ನಲ್ಲೇ ಇರಿಸಿಕೊಳ್ಳುವುದು ವ್ಯವಹಾರ. ಅವನನ್ನು ಓದಿಗೆ ಕಳುಹಿಸುವುದು ದಾಸೋಹ. ವೀರಣ್ಣನವರು ಎರಡನೆಯದನ್ನು ಆರಿಸಿಕೊಂಡರು.

ಸಂಘದ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೂ ತಂದೆಯ ನೆರಳಿನಲ್ಲಿ ಇದೇ ಗರಡಿಯಲ್ಲಿ ಪಳಗಿದವನು. ೧೯೫೪ರಲ್ಲಿ ಗುಬ್ಬಿ ಸಂಸ್ಥೆಯ ಹೆಸರಿನಲ್ಲಿ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ಬೇಡರ ಕಣ್ಣಪ್ಪ ಚಿತ್ರವು ತೆರೆಕಂಡಾಗ ಆ ಮುತ್ತುರಾಜನೇ ರಾಜ್‌ಕುಮಾರ್ ಎಂಬ ಹೆಸರಿನಿಂದ ನಾಯಕನಾದನು. ಅವರ ಕೀರ್ತಿಯನ್ನು ಕನ್ನಡಿಗರಿಗೆ ಬಣ್ಣಿಸಬೇಕಾದುದಿಲ್ಲ. ಹಾಸ್ಯನಟ ನರಸಿಂಹರಾಜು ಅವರೂ ರಂಗಭೂಮಿಯಿಂದ ಬಂದು ಅದೇ ಚಿತ್ರದಲ್ಲಿ ಬೆಳಕಿಗೆ ಬಂದರು.

ಇಷ್ಟನ್ನೆಲ್ಲ ನಡೆಸುವುದಕ್ಕೆ ರಾಜಭಂಡಾರವೇನೂ ಅವರ ಬೆನ್ನಿಗಿರಲಿಲ್ಲ. ಅಂದಂದಿನ ಟಿಕೆಟ್ಟಿನ ಹಣವೇ ಆಧಾರ. ಮಳೆ ಬಂದರೆ ಆಟವಿಲ್ಲ; ಊರಿಗೆ ಜಾಡ್ಯ ಬಂದರೆ ಮೊಕ್ಕಾಂ ಎತ್ತಬೇಕು. ಆಟ ನಿಂತರೂ ಒಲೆ ನಿಲ್ಲುವಂತಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿಯೇ ದೇವುಡು ನರಸಿಂಹ ಶಾಸ್ತ್ರಿಗಳಂಥವರ ಜೊತೆಗೂಡಿ ಬೆಂಗಳೂರಿನಲ್ಲಿ ಚಿತ್ರಸಂಸ್ಥೆಯೊಂದನ್ನು ಕಟ್ಟಿದರು. ಅದು ಬಹುಕಾಲ ಬಾಳಲಿಲ್ಲ. ವಾಕ್‌ಚಿತ್ರಗಳು ಬಂದ ಮೇಲೆ ನಾಟಕದ ಪ್ರೇಕ್ಷಕರು ಕ್ರಮೇಣ ಅತ್ತ ಸರಿದರು. ವೀರಣ್ಣನವರು ಸದಾರಮೆ, ಸುಭದ್ರಾ, ಜೀವನ ನಾಟಕ, ಹೇಮರೆಡ್ಡಿ ಮಲ್ಲಮ್ಮ ಮೊದಲಾದ ಚಿತ್ರಗಳಲ್ಲಿ ತಾವೂ ತೊಡಗಿದರು. ಆದರೂ ನಾಟಕವನ್ನು ಕೈಬಿಡಲಿಲ್ಲ. ಸಿನಿಮಾದಲ್ಲಿ ಪಡಿಯಚ್ಚು ಊರೂರಿಗೆ ಹೋದರೆ ಸಾಕು. ನಾಟಕವು ನಡೆದರೆ ಮಾತ್ರ ದರ್ಜಿಗೂ ಬಡಗಿಗೂ ತಬಲದವನಿಗೂ ದಿನನಿತ್ಯದ ಕೂಳು.

ಮೈಸೂರು ಮಹಾರಾಜರಿಂದ ನಾಟಕರತ್ನ ಬಿರುದು, ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ವಿಧಾನ ಪರಿಷತ್ತಿನ ಸದಸ್ಯತ್ವ, ೧೯೭೨ರಲ್ಲಿ ಪದ್ಮಶ್ರೀ ಇವು ಅವರನ್ನು ಅರಸಿ ಬಂದ ಗೌರವಗಳು. ಅದೇ ೧೯೭೨ರ ಅಕ್ಟೋಬರ್ ೧೮ರಂದು ಅವರು ಲಿಂಗೈಕ್ಯರಾದರು. ತಮ್ಮ ಆತ್ಮಕಥೆಗೆ ಅವರು ಇರಿಸಿದ ಹೆಸರು ಕಲೆಯೇ ಕಾಯಕ. ಅವರ ನಿಡುಬಾಳಿನ ಸಾರಸರ್ವಸ್ವವೂ ಆ ಎರಡು ಪದಗಳಲ್ಲಿ ಅಡಗಿದೆ. ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಸ್ಥಾಪಿಸಿದ ಪ್ರಶಸ್ತಿಯು ರಂಗಸೇವಕರಿಗೆ ಸಲ್ಲುತ್ತ ಬಂದಿದೆ. ಮೊಮ್ಮಗಳು ಬಿ. ಜಯಶ್ರೀಯವರು ರಂಗಗೀತೆಗಳ ಪರಂಪರೆಯನ್ನು ಮುಂದುವರಿಸಿ, ೨೦೧೩ರಲ್ಲಿ ತಾವೂ ಪದ್ಮಶ್ರೀ ಪಡೆದರು.

ಹೀಗೆ ಕೆಲವರ ಹೆಸರುಗಳು ಬೆಳಗಿ ಉಳಿದವು. ಪರದೆ ಬರೆದ, ಹಗ್ಗ ಎಳೆದ, ದೀಪ ಹಿಡಿದ, ಅನ್ನ ಬಡಿಸಿದ ನೂರಾರು ಜನರ ಹೆಸರುಗಳು ಹಾಗೆ ಜನಮನದಲ್ಲಿ ನಿಲ್ಲಲಿಲ್ಲ. ಪ್ರೇಕ್ಷಕರ ಚಪ್ಪಾಳೆಯಲ್ಲಿ ಅವರಿಗೂ ಒಂದು ಪಾಲಿತ್ತೆಂಬುದನ್ನು ಅವರ ಯಜಮಾನರು ಅರಿತಿದ್ದರು. ಆ ಪಾಲನ್ನು ದಿನವೂ ಎಲೆ ಹಾಕಿ ಸಲ್ಲಿಸಿದರು. ಸಂಸ್ಥೆಯು ಶಾಲೆಯಾಗಲಿ, ನಾಟಕ ಸಂಘವಾಗಲಿ, ಕಾಣುವ ಒಬ್ಬನ ಹಿಂದೆ ಕಾಣದ ಹಲವರು ನಿಂತಿರುತ್ತಾರೆ. ಅವರನ್ನು ಮರೆಯದೆ ಉಣಬಡಿಸಿದ ಸಂಸ್ಥೆಯೇ ನಾಲ್ಕು ಕಾಲ ಬಾಳುತ್ತದೆಂಬುದಕ್ಕೆ ಗುಬ್ಬಿ ವೀರಣ್ಣನವರ ಬದುಕು ಸಾಕ್ಷಿ.