ನಂದಗಡದ ಆಲದಮರ ಮತ್ತು ಸಂಗೊಳ್ಳಿ ರಾಯಣ್ಣ

ಟಿಕೋಟಾ, ಬಬಲೇಶ್ವರ ಕಡೆಯ ಊರುಗಳಲ್ಲಿ ರಾಯಣ್ಣನ ಹೆಸರು ಕೇಳದ ಮಗು ಇಲ್ಲ. ವಿಜಯಪುರದ ಸಂತೆಗೆ ಹೊರಟ ಟಂಟಂ ಗಾಡಿಯ ಹಿಂದೆಯೂ ಕತ್ತಿ ಹಿಡಿದ ಅವನ ಚಿತ್ರ ಕಾಣುತ್ತದೆ. ಆದರೆ ಅವನ ಮೊದಲ ಸ್ಮಾರಕವನ್ನು ಯಾವ ಸರಕಾರವೂ ಕಟ್ಟಲಿಲ್ಲ.

ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು, ಇಂದಿನ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ಎಂದು ಹೇಳುತ್ತಾರೆ. ತಂದೆ ಭರಮಪ್ಪ, ತಾಯಿ ಕೆಂಚವ್ವ. ಹಾಲುಮತದ ಮನೆತನ. ಅವನು ಕಿತ್ತೂರು ಸಂಸ್ಥಾನದ ಶೇತಸನದಿ, ಅಂದರೆ ಸಂಬಳದ ಬದಲು ಹೊಲ ಪಡೆದು ಊರು ಕಾಯುವವನು. ಆ ಹೊಲದ ಮಾತನ್ನು ನೆನಪಿಡಬೇಕು.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ರಾಯಣ್ಣನೂ ಸಿಕ್ಕಿಬಿದ್ದ, ಆಮೇಲೆ ಬಿಡುಗಡೆಯಾದ. 1829ರ ಫೆಬ್ರುವರಿಯಲ್ಲಿ ರಾಣಿ ಸೆರೆಯಲ್ಲೇ ತೀರಿಕೊಂಡಳು. ಇತ್ತ ಇನಾಮು ಹೊಲಗಳ ಮೇಲೆ ಕಂದಾಯ ಬಿತ್ತು, ಕೆಲವರ ಹೊಲವೇ ಹೋಯಿತು. ಬಾಕಿಗಾಗಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿ ನಿಲ್ಲಿಸಿದರೆಂದು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ರಾಣಿಯ ಮೇಲಿನ ನಿಷ್ಠೆ ಎಷ್ಟೋ, ರೈತನ ಸಿಟ್ಟೂ ಅಷ್ಟೇ ಅವನನ್ನು ಎಬ್ಬಿಸಿತು ಎಂಬುದು ನನ್ನ ತಿಳುವಳಿಕೆ.

ರಾಣಿಯ ದತ್ತಕ ಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸುವುದು ಅವನ ಗುರಿ. ಕೈಯಲ್ಲಿ ಫಿರಂಗಿ ಇಲ್ಲ, ಕೋಟೆ ಇಲ್ಲ. ಕಾಡಿನಿಂದ ಇಳಿದು ಬರುವುದು, ಹೊಡೆದು ಮತ್ತೆ ಕಾಡು ಸೇರುವುದು. 1830ರ ಆರಂಭದಲ್ಲಿ ಬೀಡಿಯ ಕಚೇರಿ ಸುಟ್ಟಿತು, ಸಂಪಗಾವಿಯ ಕಚೇರಿಗೂ ಬೆಂಕಿ ಬಿತ್ತು. ಕಚೇರಿಯ ದಫ್ತರ ಸುಟ್ಟರೆ ಸಾಲದ ಕಾಗದವೂ ಸುಟ್ಟಿತೆಂದು ಬಡವರು ಬಗೆದಿರಬೇಕು. ಹಳ್ಳಿಗಳು ಅವನಿಗೆ ರೊಟ್ಟಿ, ಆಸರೆ ಕೊಟ್ಟವು. ಬಂದೂಕಿನಿಂದ ಆಗದ ಕೆಲಸ ಮೋಸದಿಂದ ಆಯಿತು. ಏಪ್ರಿಲಿನಲ್ಲಿ ಹಳ್ಳದಲ್ಲಿ ಸ್ನಾನ ಮಾಡುತ್ತಿದ್ದಾಗ, ಕತ್ತಿ ಕೈಯಳತೆಯಲ್ಲಿ ಇಲ್ಲದ ಹೊತ್ತಿನಲ್ಲಿ, ನಂಬಿದವರೇ ಹಿಡಿದುಕೊಟ್ಟರು.

1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಓಡಾಡಿದ ಸೀಮೆಯಲ್ಲೇ, ಜನರ ಕಣ್ಣೆದುರು. ನೋಡಿದವರು ಹೆದರಲಿ ಎಂಬುದೇ ಅದರ ಉದ್ದೇಶ. ಆದದ್ದು ಬೇರೆ. ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ವೇಷ ಮರೆಸಿಕೊಂಡು ಬಂದು, ಸಮಾಧಿಯ ಮೇಲೆ ಒಂದು ಆಲದ ಸಸಿ ನೆಟ್ಟನೆಂದು ಪ್ರತೀತಿ. ಬಂಡಾಯಗಾರನ ಹೆಸರಿನಲ್ಲಿ ಕಲ್ಲು ನಿಲ್ಲಿಸುವ ಕಾಲವಲ್ಲ ಅದು. ಸಸಿಗೆ ಯಾರ ಅಪ್ಪಣೆಯೂ ಬೇಡ.

ಇತ್ತೀಚಿನ ವರ್ಷಗಳಲ್ಲಿ ಅವನಿಗೆ ಗೌರವಗಳು ಬಂದಿವೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೂ ಅವನದೇ ಹೆಸರು. ಎಲ್ಲ ಒಳ್ಳೆಯದೇ. ಆದರೆ ನಂದಗಡಕ್ಕೆ ಹೋದವರು ಮೊದಲು ತಲೆ ಎತ್ತಿ ನೋಡುವುದು ಆ ಮರವನ್ನು. ಮಕ್ಕಳಾಗದ ಹೆಣ್ಣುಮಕ್ಕಳು ರಾಯಣ್ಣನಂಥ ಮಗ ಹುಟ್ಟಲಿ ಎಂದು ಹರಕೆ ಹೊತ್ತು, ಅದರ ಕೊಂಬೆಗಳಿಗೆ ಪುಟ್ಟ ಪುಟ್ಟ ಮರದ ತೊಟ್ಟಿಲು ಕಟ್ಟಿ ಬರುತ್ತಾರೆ.