ನಕ್ಷತ್ರಗಳನ್ನು ಗಾಜಿಗಿಳಿಸಿದ ಗುತ್ತಿಗೆದಾರ

ಇಂದಿನ ಹವ್ಯಾಸಿಯೊಬ್ಬ ದೂರದರ್ಶಕಕ್ಕೆ ಡಿಜಿಟಲ್ ಕ್ಯಾಮೆರಾ ಜೋಡಿಸಿ ಕೆಲವೇ ನಿಮಿಷಗಳಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ಚಿತ್ರ ಪಡೆಯಬಲ್ಲ. ಅದೇ ಚಿತ್ರಕ್ಕಾಗಿ 1888ರ ಡಿಸೆಂಬರ್ 29ರ ರಾತ್ರಿ ಇಂಗ್ಲೆಂಡಿನಲ್ಲಿ ಐಸಾಕ್ ರಾಬರ್ಟ್ಸ್ ಗಾಜಿನ ಫಲಕವೊಂದನ್ನು ನಾಲ್ಕು ಗಂಟೆ ಕಾಲ ಆಕಾಶಕ್ಕೆ ತೆರೆದಿಟ್ಟಿದ್ದರು. ಅವರು ವೃತ್ತಿಯಿಂದ ಖಗೋಳ ವಿಜ್ಞಾನಿಯಲ್ಲ, ಕಟ್ಟಡ ಗುತ್ತಿಗೆದಾರ.

1829ರಲ್ಲಿ ಉತ್ತರ ವೇಲ್ಸ್‌ನ ಗ್ರೋಸ್‌ನಲ್ಲಿ ಜನಿಸಿದ ರಾಬರ್ಟ್ಸ್, ಲಿವರ್‌ಪೂಲ್‌ನಲ್ಲಿ ಬೆಳೆದು ಹದಿಹರೆಯದಲ್ಲೇ ಕಟ್ಟಡ ಕೆಲಸ ಕಲಿಯಲು ಸೇರಿದರು. ಮುಂದೆ ಸ್ವಂತ ವ್ಯವಹಾರದಲ್ಲಿ ಶ್ರೀಮಂತರಾದರು. ಆ ಸಂಪತ್ತಿನ ದೊಡ್ಡ ಪಾಲು ಆಕಾಶವೀಕ್ಷಣೆಗೆ ವಿನಿಯೋಗವಾಯಿತು.

1885ರಲ್ಲಿ ಅವರು 20 ಅಂಗುಲದ ಪ್ರತಿಫಲನ ದೂರದರ್ಶಕವನ್ನು ತರಿಸಿಕೊಂಡರು. ಕಣ್ಣು ಎಷ್ಟು ಹೊತ್ತು ನೋಡಿದರೂ ಬೆಳಕನ್ನು ಕೂಡಿಡಲಾರದು. ಫಲಕದ ಮೇಲಿನ ಬೆಳ್ಳಿಲವಣದ ಲೇಪ ಗಂಟೆಗಟ್ಟಲೆ ಕೂಡಿಡುತ್ತದೆ. ಆದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತವೆ. ದೂರದರ್ಶಕ ತುಸು ತಪ್ಪಿದರೂ ಚುಕ್ಕಿ ಗೆರೆಯಾಗುತ್ತದೆ. ಆದ್ದರಿಂದ ಜೊತೆಗಿದ್ದ 7 ಅಂಗುಲದ ದೂರದರ್ಶಕದಲ್ಲಿ ನಕ್ಷತ್ರವೊಂದನ್ನು ಗಮನಿಸುತ್ತಾ ದಿಕ್ಕನ್ನು ತಿದ್ದಬೇಕಿತ್ತು.

ಅಂದಿನ ಫಲಕದಲ್ಲಿ ಆಂಡ್ರೊಮಿಡಾದ ಸುರುಳಿ ರೂಪ ಮೂಡಿತು. ಹೊಸದೊಂದು ಸೌರಮಂಡಲ ಹುಟ್ಟುತ್ತಿದೆ ಎಂದು ರಾಬರ್ಟ್ಸ್ ಭಾವಿಸಿದರು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಬೇರೊಂದು ಗೆಲಾಕ್ಸಿ. ಅದು ನಮ್ಮ ಆಕಾಶಗಂಗೆಯ ಆಚೆಗಿದೆ ಎಂಬುದು 1920ರ ದಶಕದಲ್ಲಿ ಎಡ್ವಿನ್ ಹಬಲ್ ಅವರಿಂದ ಖಚಿತವಾಯಿತು. ವ್ಯಾಖ್ಯಾನ ತಪ್ಪಿತ್ತು, ಚಿತ್ರ ಸರಿಯಿತ್ತು.

ತಾವು ತೆಗೆದ ಚಿತ್ರಗಳು ಉಳಿಯುವವೇ ಎಂಬ ಚಿಂತೆಯೂ ಅವರನ್ನು ಕಾಡಿತು. ನಕ್ಷತ್ರಗಳ ಸ್ಥಾನಗಳನ್ನು ಫಲಕದಿಂದ ತಾಮ್ರದ ತಗಡಿಗೆ ಕೊರೆಯುವ ಯಂತ್ರವೊಂದನ್ನು ಅವರು ರೂಪಿಸಿದರು. ಮುಂದೆ ತಮ್ಮ ಹಳೆಯ ಫಲಕವನ್ನು ಪರೀಕ್ಷಿಸಿದಾಗ ಮಂದ ನಕ್ಷತ್ರಗಳು ಅಳಿಸಿಹೋಗಿದ್ದವು. ಆಯ್ದ ಚಿತ್ರಗಳನ್ನು ಅವರು ಎರಡು ಸಂಪುಟಗಳಲ್ಲಿ ಮುದ್ರಿಸಿದರು.

ಶುಭ್ರ ಆಕಾಶ ಅರಸಿ 1890ರಲ್ಲಿ ಸಸೆಕ್ಸ್‌ನ ಕ್ರೌಬರೋಗೆ ತೆರಳಿದ ರಾಬರ್ಟ್ಸ್ ಅವರಿಗೆ 1895ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ ಸಂದಿತು. 1901ರಲ್ಲಿ ಅವರು ಖಗೋಳ ವಿಜ್ಞಾನಿ ಡೊರೊಥಿಯಾ ಕ್ಲುಂಪ್ಕೆ ಅವರನ್ನು ವರಿಸಿದರು. 1904ರಲ್ಲಿ ನಿಧನರಾದರು. ಪತಿಯ ಫಲಕಗಳ ಕೆಲಸವನ್ನು ಮುಂದುವರಿಸಿದ ಕ್ಲುಂಪ್ಕೆ, ದಶಕಗಳ ನಂತರ ಅವರ ಹೆಸರಿನಲ್ಲೇ ಅಟ್ಲಾಸ್ ಹೊರತಂದರು.

ಬೆಳ್ಳಿಲವಣದ ಫಲಕ ಅಥವಾ ಫಿಲ್ಮ್ ತನ್ನ ಮೇಲೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಕೆಲವನ್ನಷ್ಟೇ ದಾಖಲಿಸುತ್ತದೆ. 1969ರಲ್ಲಿ ರೂಪುಗೊಂಡ ಸಿಸಿಡಿಯ ಪೀಳಿಗೆಯ ಸಂವೇದಕಗಳು ಅರ್ಧಕ್ಕಿಂತ ಹೆಚ್ಚನ್ನು ದಾಖಲಿಸಬಲ್ಲವು. ಹೀಗಾಗಿ ಫಿಲ್ಮ್ ಹಿಂದೆ ಸರಿಯಿತು. ಆದರೆ ಡಿಜಿಟಲ್ ಕಡತವೂ ಕಾಲಕಾಲಕ್ಕೆ ಪ್ರತಿ ತೆಗೆದಿಟ್ಟರೆ ಮಾತ್ರ ಉಳಿಯುತ್ತದೆ. ನಾಲ್ಕು ಗಂಟೆಯ ಕಾಯುವಿಕೆ ತಪ್ಪಿದೆ. ತಾಮ್ರದ ತಗಡಿನತ್ತ ರಾಬರ್ಟ್ಸ್ ಅವರನ್ನು ಕರೆದೊಯ್ದ ಚಿಂತೆ ತಪ್ಪಿಲ್ಲ.